ಹಡಪ್ಸರ್ ಕಡೆಯ ನರ್ಸರಿ ಮತ್ತು ನಮ್ಮ ಆಪೂಸ್ ಗಿಡ

ಪುಣೆಯ ಹಡಪ್ಸರ್ ಕಡೆಯ ನರ್ಸರಿಯೊಂದರಿಂದ ಆರು ವರ್ಷಗಳ ಹಿಂದೆ ತಂದ ಆಪೂಸ್ ಮಾವಿನ ಕಸಿ ಗಿಡ ಈ ಬೇಸಿಗೆಯಲ್ಲಿ ಫಲ ಕೊಟ್ಟಿತು. ಗಿಡದ ಬಗ್ಗೆ ದೂರಿಲ್ಲ; ಕಸಿಯ ಗಂಟು ಗಟ್ಟಿಯಾಗಿತ್ತು, ಬೇರಿನ ಮಣ್ಣು ಒಡೆದಿರಲಿಲ್ಲ. ಆದರೆ ಕೊಂಕಣದ ರತ್ನಾಗಿರಿಯದೇ ರುಚಿ ಬರುತ್ತದೆಂದು ಅಂಗಡಿಯವರು ಕೊಟ್ಟ ಭರವಸೆಯನ್ನು ಒಪ್ಪಲಾರೆ. ಕಸಿಗೆ ಬಳಸಿದ ಕಡ್ಡಿ ತಾಯಿಮರದ ವಂಶವಾಹಿಗಳನ್ನೇ ಹೊತ್ತು ಬರುತ್ತದೆ ಎಂಬುದು ನಿಜವಾದರೂ, ಅವು ಕೊಂಕಣದ ಜಂಬಿಟ್ಟಿಗೆ ಮಣ್ಣಿನಲ್ಲಿ, ಕಡಲ ಗಾಳಿಯಲ್ಲಿ ತೋರುವ ಗುಣವನ್ನು ದಖ್ಖನಿನ ಕಪ್ಪು ಮಣ್ಣಿನಲ್ಲಿಯೂ ಒಣಹವೆಯಲ್ಲಿಯೂ ಹಾಗೆಯೇ ತೋರಬೇಕೆಂದಿಲ್ಲ. 2018ರಲ್ಲಿ ಕೊಂಕಣದ ಆಪೂಸಿಗೆ ಭೌಗೋಳಿಕ ಸೂಚಕ, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ ಅಧಿಕೃತ ಗುರುತು, ದೊರೆತದ್ದೂ ತಳಿಯ ಜೊತೆಗೆ ನೆಲವನ್ನು ಲೆಕ್ಕಕ್ಕೆ ತೆಗೆದುಕೊಂಡೇ. ನಮ್ಮ ಹಣ್ಣು ಸಿಹಿಯಾಗಿತ್ತು, ಪರಿಮಳ ಮಾತ್ರ ಅರ್ಧ. (ಧಾರವಾಡದ ಆಪೂಸು ತಿಂದು ಬೆಳೆದ ನಮ್ಮ ತಾಯಿಯವರಿಗೆ ಇದೇ ಹಿಡಿಸಿತೆನ್ನಿ.)

ದಾಪೋಲಿಯ ಕೃಷಿ ವಿಶ್ವವಿದ್ಯಾಲಯವು ನೀಲಂ ಮತ್ತು ಆಪೂಸನ್ನು ಸಂಕರಿಸಿ ಪಡೆದ ರತ್ನಾ ತಳಿಯೂ ಆ ನರ್ಸರಿಯಲ್ಲಿ ಸಿಗುತ್ತದೆ. ಆಪೂಸಿನ ತಿರುಳನ್ನು ಒಳಗೊಳಗೇ ಕೆಡಿಸುವ ಸ್ಪಂಜಿನಂಥ ದೋಷ ಅದಕ್ಕಿಲ್ಲ. ಮತ್ತೊಮ್ಮೆ ಹೋದರೆ ನಾನು ಅದನ್ನೇ ಕೇಳುವೆ.