ಒಂದೇ ಪಟ್ಟು, ಮೂರು ನಿಯಮ: ಕೋಸೆನ್, ಇಂದಿನ ಜೂಡೋ, ಬಿಜೆಜೆ

ಎದುರಾಳಿ ಮೊಣಕೈ, ಮಂಡಿ ಮಡಿಸಿ ಆಮೆಯಂತೆ ಮುದುಡಿದ್ದಾನೆ. ಅವನನ್ನು ಸಂಕಾಕುವಿನಲ್ಲಿ, ಅಂದರೆ ಕತ್ತು ಮತ್ತು ಒಂದು ಕೈಯನ್ನು ನಮ್ಮ ಕಾಲುಗಳ ತ್ರಿಕೋನದಲ್ಲಿ ಬಿಗಿಯುವ ಪಟ್ಟಿನಲ್ಲಿ, ಸಿಕ್ಕಿಸಬೇಕು. ಇಂದಿನ ಜೂಡೋ, ಜಪಾನಿನ ಶಾಲಾ ಪಂದ್ಯಗಳಲ್ಲಿ ಬೆಳೆದ ನೆಲದಾಟದ ಜೂಡೋ ಆದ ಕೋಸೆನ್, ಮತ್ತು ಬಿಜೆಜೆ (ಬ್ರೆಜಿಲಿಯನ್ ಜಿಯು-ಜಿಟ್ಸು), ಈ ಮೂರೂ ನಿಯಮಗಳಲ್ಲಿ ಇದನ್ನೇ ಆಡಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಇಂದಿನ ಜೂಡೋದಲ್ಲಿ ಹೆಚ್ಚು ಸಮಯವಿಲ್ಲ. ಕೆಲವೇ ಸೆಕೆಂಡಿನಲ್ಲಿ ಕೆಲಸ ಮುಂದೆ ಸಾಗದಿದ್ದರೆ ರೆಫರಿ 'ಮಾತೆ' (ನಿಲ್ಲಿಸಿ) ಎನ್ನುತ್ತಾನೆ, ಇಬ್ಬರೂ ಎದ್ದು ನಿಲ್ಲಬೇಕು. ಹಾಗಾಗಿ ಇಲ್ಲಿ ಪಟ್ಟಿನ ಬಿಗಿಗಿಂತ ವೇಗ ಮುಖ್ಯ. 20 ಸೆಕೆಂಡ್ ಅದುಮಿ ಹಿಡಿದರೆ ಇಪ್ಪೊನ್, ಅಂದರೆ ಪೂರ್ಣ ಗೆಲುವು.

ಕೋಸೆನ್‌ನಲ್ಲಿ ರೆಫರಿ ಹಾಗೆ ಎಬ್ಬಿಸುವುದಿಲ್ಲ. ತಲೆಯ ಕಡೆ ಕುಳಿತು, ಅವನ ಮೊಣಕೈ ಮತ್ತು ತೊಡೆಯ ನಡುವಿನ ಸಂದಿಗೆ ಹಿಮ್ಮಡಿ ತೂರಿಸಿ, ಬೆಲ್ಟ್ ಹಿಡಿದು ಪಕ್ಕಕ್ಕೆ ಉರುಳಿಸಬೇಕು. ಆಮೇಲೆ ನಿಮ್ಮ ಕಾಲುಗಳಿಂದ ತ್ರಿಕೋನದ ಬೀಗ ಹಾಕಿ, ಅವನ ಇನ್ನೊಂದು ಕೈಯನ್ನು ಅವನ ಜಾಕೆಟ್ ಅಂಚಿನಿಂದಲೇ ಕಟ್ಟಬಹುದು. ಕತ್ತು ಬಿಗಿಯಾಗದಿದ್ದರೂ ಚಿಂತೆಯಿಲ್ಲ, 30 ಸೆಕೆಂಡ್ ಒತ್ತಿ ಹಿಡಿದರೆ ಗೆಲುವು. ಹೆಚ್ಚಿನವರು ಎಡವುವುದು ಬೀಗದಲ್ಲಿ: ಪಾದದ ಮೇಲ್ಭಾಗವನ್ನು ಮಂಡಿಯ ಹಿಂದೆ ಸಿಕ್ಕಿಸುತ್ತಾರೆ. ಬೀಗ ಸಡಿಲವಾಗುತ್ತದೆ, ಕಣಕಾಲೂ ನೋಯುತ್ತದೆ. ಮೊದಲು ಕೈಯಿಂದ ಸ್ವಂತ ಮುಂಗಾಲನ್ನು ಎಳೆದು, ಸೊಂಟ ಓರೆ ಮಾಡಿ, ಆಮೇಲೆ ಕಣಕಾಲನ್ನೇ ಮಂಡಿಯ ಮಡಿಕೆಯೊಳಗೆ ಕೂರಿಸಿ.

ಬಿಜೆಜೆಯಲ್ಲೂ ಸಮಯವಿದೆ, ಆದರೆ ಅದುಮಿ ಹಿಡಿದ ಮಾತ್ರಕ್ಕೆ ಗೆಲುವಿಲ್ಲ. ಆಮೆಯ ಬೆನ್ನು ಹತ್ತಿ ಎರಡೂ ಹಿಮ್ಮಡಿ ಕೊಕ್ಕೆ ಹಾಕಿದರೆ 4 ಅಂಕ, ಹೀಗಾಗಿ ಜನ ಸಂಕಾಕು ಬಿಟ್ಟು ಬೆನ್ನಿಗೇ ಹೋಗುತ್ತಾರೆ. ಲೆಕ್ಕ ಸರಿಯೇ, ಆದರೆ ಉರುಳಿಸುವ ಕಲೆ ಬೆಳೆಯುವುದಿಲ್ಲ.

ಕೋಸೆನ್‌ಗೆ ಈ ಸ್ವಭಾವ ಬಂದದ್ದು ಪಂದ್ಯಾವಳಿಯಿಂದ. 1914ರಲ್ಲಿ ಕ್ಯೋಟೋ ಸಾಮ್ರಾಜ್ಯ ವಿಶ್ವವಿದ್ಯಾಲಯ ಶುರುಮಾಡಿದ ಶಾಲಾ ತಂಡಗಳ ಪಂದ್ಯಗಳವು. ಗೆದ್ದವನು ಮುಂದಿನವನೊಡನೆ ಆಡುತ್ತಾನೆ, ಸಮವಾದರೆ ಇಬ್ಬರೂ ಹೊರಗೆ. ದುರ್ಬಲ ಆಟಗಾರ ಬಲಿಷ್ಠನನ್ನು ನೆಲಕ್ಕೆಳೆದು, ಮುದುಡಿ ಸಮ ಮಾಡಿಕೊಂಡರೆ ತಂಡಕ್ಕೆ ಲಾಭ. ಇಂಥ ನೆಲದಾಟದಲ್ಲೇ ಓದಾ ತ್ಸುನೆತಾನೆಯಂಥ ಜೂಡೋ ಗುರುಗಳು ಸಂಕಾಕುವನ್ನು ತಿದ್ದಿದರು. 1925ರಲ್ಲಿ ಜೂಡೋದ ಮೂಲ ಸಂಸ್ಥೆ ಕೊಡೋಕಾನ್ ನೇರವಾಗಿ ನೆಲಕ್ಕೆಳೆಯುವುದಕ್ಕೆ ಕಡಿವಾಣ ಹಾಕಿತು, ಈ ಶಾಲೆಗಳು ಒಪ್ಪಲಿಲ್ಲ.

ಬಿಜೆಜೆ ಕೋಸೆನ್‌ನಿಂದ ಹುಟ್ಟಿತು ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ಅದರ ಮೂಲಪುರುಷ, ಜೂಡೋಪಟು ಮಾಯೆದಾ ಜಪಾನ್ ಬಿಟ್ಟಿದ್ದು 1904ರಲ್ಲೇ.

ಕೋಸೆನ್ ನಿಯಮ ಇಂದಿಗೂ ಉಳಿದಿರುವುದು ಹಳೆಯ ಏಳು ಸಾಮ್ರಾಜ್ಯ ವಿಶ್ವವಿದ್ಯಾಲಯಗಳ 15 ಜನರ ತಂಡ ಪಂದ್ಯಗಳಲ್ಲಿ. ನಿಮ್ಮ ಡೋಜೋದಲ್ಲಿ (ತಾಲೀಮು ಶಾಲೆಯಲ್ಲಿ) ರುಚಿ ನೋಡಬೇಕೆಂದರೆ ಒಬ್ಬ ಮುದುಡಲಿ, ಇನ್ನೊಬ್ಬನಿಗೆ 6 ನಿಮಿಷ ಕೊಡಿ; ಮಾತೆ ಇಲ್ಲ, ಎದುರಾಳಿಯ ಕಾಲಿನ ಕೀಲು ತಿರುಚುವ ಪಟ್ಟುಗಳಿಲ್ಲ, ಮುದುಡಿದವನು ಉಳಿದುಕೊಂಡರೆ ಸಮ.