ಮೆಡಿಕಲ್ ಕಾಲೇಜು ಆಸ್ಪತ್ರೆಯ ಓಪಿಡಿ: ಚಿಕಿತ್ಸೆಗೆ ಪೂರ್ತಿ ಅಂಕ, ಮಾತಿಗೆ ಅರ್ಧ

ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಆಸ್ಪತ್ರೆಯ ಹೆಸರು ಬೇಡ. ನನ್ನ ತಂಗಿ ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂತ ಬರೆಸಿದ್ದರು, ಅವಳು ಹೆಣ್ಣಾಗಿ ಬದುಕುತ್ತಿದ್ದಾಳೆ. ಕಿಡ್ನಿ ಕಲ್ಲಿನ ನೋವು ತಡೆಯಲಾರದೆ ಒದ್ದಾಡುತ್ತಿದ್ದಳು, ಬೆಳಿಗ್ಗೆ ಎಂಟಕ್ಕೇ ಕರೆದುಕೊಂಡು ಹೋದೆ.

ಚೀಟಿ ಬೇಗ ಸಿಕ್ಕಿತು, ಸ್ಕ್ಯಾನಿಂಗ್ ಅದೇ ದಿನ ಆಯಿತು, ಖರ್ಚೂ ಕಮ್ಮಿ. ಆದರೆ ಆಧಾರ್‌ನಲ್ಲಿ ಇನ್ನೂ ಹಳೇ ಹೆಸರಿದೆ. ಅದನ್ನೇ ಜೋರಾಗಿ ಕೂಗಿದರು. ಸೀರೆ ಉಟ್ಟ ತಂಗಿ ಎದ್ದು ನಿಂತಾಗ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಒಳಗೆ ಒಬ್ಬ ಹೌಸ್ ಸರ್ಜನ್ (ಇನ್ನೂ ತರಬೇತಿಯಲ್ಲಿರುವ ಡಾಕ್ಟರ್), ಹಿಂದೆ ಐದಾರು ಸ್ಟೂಡೆಂಟ್ಸ್. ಎಲ್ಲಿ ನೋವು, ಎಷ್ಟು ಹೊತ್ತಿನಿಂದ ಅಂತ ಕೇಳುವ ಮೊದಲೇ 'ಆಪರೇಷನ್ ಆಗಿದೆಯಾ?' ಅಂದರು, ಲಿಂಗ ಬದಲಾವಣೆಯದ್ದು ಅಂತ ಅರ್ಥ. ಆ ಪ್ರಶ್ನೆ ಬೇಕೇ ಇದ್ದರೆ ಯಾಕೆ ಬೇಕು ಅಂತ ಹೇಳಿ, ಪರದೆ ಎಳೆದು, ಉಳಿದವರನ್ನು ಹೊರಗೆ ಕಳಿಸಿ ಕೇಳಬಹುದಿತ್ತು ಅಲ್ವಾ? ಹಿಂದಿದ್ದ ಇಬ್ಬರು ನಕ್ಕರು. ಒಬ್ಬ ಹುಡುಗ 'ಇದು ಯಾವ ವಾರ್ಡಿಗೆ ಹೋಗುತ್ತೆ?' ಅಂದ. 'ಇದು' ಅಂತೆ! ದನಕ್ಕೆ, ಕುರ್ಚಿಗೆ ಹೇಳುವ ಮಾತು. ತಂಗಿ ಅರ್ಧ ಹೇಳಿ ಸುಮ್ಮನಾದಳು. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವ ವಿಷಯ ಬಾಯಿಬಿಡಲೇ ಇಲ್ಲ.

ಆಮೇಲೆ ಪಿಜಿ ಡಾಕ್ಟರ್ ಒಬ್ಬರು ಬಂದರು. ಕೇಸ್ ಶೀಟ್ ನೋಡಿ, 'ನಿಮ್ಮನ್ನ ಏನಂತ ಕರೀಲಿ ಅಕ್ಕಾ?' ಅಂತ ಕೇಳಿದರು. ತಂಗಿ ಹೇಳಿದ ಹೆಸರನ್ನು ಶೀಟಿನ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು. ಸ್ಟೂಡೆಂಟ್ಸ್ ಕಡೆ ತಿರುಗಿ 'ಇವರು ನಿನ್ನೆ ರಾತ್ರಿಯಿಂದ ನೋವು ತಿಂದಿದ್ದಾರೆ' ಅಂತ ಪಾಠ ಶುರು ಮಾಡಿದರು. ಯಾರಿಗೂ ಬೈಯಲಿಲ್ಲ. ಹತ್ತು ನಿಮಿಷ ಕಳೆಯುವುದರೊಳಗೆ ಅದೇ ಹುಡುಗ 'ಇವರಿಗೆ ಜ್ವರ ಇತ್ತಾ ಸರ್?' ಅಂದ. ಕನ್ನಡದಲ್ಲಿ 'ಇವರು' ಅಂದುಬಿಟ್ಟರೆ ಗಂಡೋ ಹೆಣ್ಣೋ ಅನ್ನುವ ತೊಡಕೇ ಇಲ್ಲ. ಮಾತ್ರೆಯ ವಿಷಯ ತಂಗಿ ಹೇಳಿದ್ದು ಆಗಲೇ.

ಅದಕ್ಕೇ ಆ ಹುಡುಗರ ಮೇಲೆ ನನಗೆ ಕೋಪ ಕಡಿಮೆ. ಅವರಿಗೆ ಕಲಿಸುವವರು ಏನು ಕಲಿಸುತ್ತಿದ್ದಾರೆ ಅಂತ ಸ್ವಲ್ಪ ನೋಡಿ. ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಆದರೂ 2024ರ ಆಗಸ್ಟ್ ಕೊನೆಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಹೆಣ್ಣು ಹೆಣ್ಣನ್ನು ಪ್ರೀತಿಸುವುದು ಲೈಂಗಿಕ ಅಪರಾಧಗಳ ಪಟ್ಟಿಯಲ್ಲಿತ್ತು! ಜನ ಗಲಾಟೆ ಮಾಡಿದ ಮೇಲೆ ಸೆಪ್ಟೆಂಬರ್ 5ರಂದು ವಾಪಸ್ ಪಡೆದರು. ಟ್ರಾನ್ಸ್‌ಜೆಂಡರ್ ಜನರ ಆರೋಗ್ಯದ ದೃಷ್ಟಿಯಿಂದ ವೈದ್ಯಕೀಯ ಪಠ್ಯ ಪರಿಶೀಲಿಸಬೇಕು ಅಂತ ಅವರ ಹಕ್ಕುಗಳ ರಕ್ಷಣೆಗಾಗಿ ತಂದ 2019ರ ಕಾಯ್ದೆಯಲ್ಲೇ ಬರೆದಿದೆ. ಬರೆದದ್ದು ರೋಗಿಯ ಮಂಚದ ಹತ್ತಿರ ಬರಬೇಕಲ್ಲ.

ಆಸ್ಪತ್ರೆಯವರು ಓದುತ್ತಿದ್ದರೆ ಒಂದೇ ಕೋರಿಕೆ. ಚೀಟಿಯಲ್ಲಿ 'ಕರೆಯಬೇಕಾದ ಹೆಸರು' ಅಂತ ಒಂದು ಸಾಲು ಸೇರಿಸಿ, ಕೂಗುವವರಿಗೂ ಅದನ್ನೇ ಕೊಡಿ.

ಕಲ್ಲು ಚಿಕ್ಕದು, ನೀರು ಜಾಸ್ತಿ ಕುಡಿದರೆ ತಾನಾಗೇ ಹೋಗಬಹುದು ಅಂದಿದ್ದಾರೆ. ಮುಂದಿನ ವಾರ ಮತ್ತೆ ತೋರಿಸಬೇಕು. ಆ ಪಿಜಿ ಡಾಕ್ಟರ್ ಯಾವ ದಿನ ಸಿಗುತ್ತಾರೆ ಅಂತ ತಂಗಿಯೇ ಸಿಸ್ಟರ್ ಹತ್ತಿರ ಕೇಳಿಕೊಂಡು ಬಂದಳು. ಗುರುವಾರವಂತೆ.