ಜಾಝ್ ಎಲ್‌ಪಿಗಳು: ಬಹುಕಾಲದ ಬಳಕೆಯ ನಂತರ ಒಂದು ತೂತಿನ ದೂರು

ಹಳೆಯ ಜಾಝ್ ಆಲ್ಬಮ್‌ಗಳ ಮರುಮುದ್ರಣಗಳನ್ನು ಎಲ್‌ಪಿಯಲ್ಲಿ, ಅಂದರೆ ಗ್ರಾಮಫೋನಿನ ದೊಡ್ಡ ಪ್ಲೇಟುಗಳಲ್ಲಿ, ಕೊಳ್ಳಲು ಶುರುಮಾಡಿ ವರ್ಷಗಳೇ ಆದವು. 180 ಗ್ರಾಂ ತೂಕ, ದಪ್ಪ ರಟ್ಟಿನ ಕವರ್, ಮೂಲ ಟೇಪಿನಿಂದಲೇ ಕಟ್ ಮಾಡಿದ್ದು, ಇವೆಲ್ಲ ಸ್ಟಿಕ್ಕರ್ ಮೇಲೇ ಇರುತ್ತವೆ, ನೀವೂ ಓದಿರುತ್ತೀರಿ. ಯಾವ ಸ್ಟಿಕ್ಕರ್ ಮೇಲೂ ಇರದ ಮಾಹಿತಿ ಒಂದಿದೆ: ನಡುವಿನ ತೂತು ನಿಜಕ್ಕೂ ನಡುವೆ ಇದೆಯೋ ಇಲ್ಲವೋ ಎಂಬುದು. ನನ್ನ ತಕರಾರೆಲ್ಲ ಆ ತೂತಿನ ಮೇಲೆಯೇ.

ಪಿಯಾನೊ ಟ್ರಿಯೋ (ಪಿಯಾನೊ, ಬಾಸ್, ಡ್ರಮ್ಸ್ ಮೂವರ ತಂಡ) ಒಂದರ ಎಲ್‌ಪಿ ತರಿಸಿದ್ದೆ. ಶುರುವಿನ ವೇಗದ ಹಾಡು ಸೊಗಸಾಗಿತ್ತು. ಸೈಡಿನ ಕೊನೆಗೆ ಬ್ಯಾಲಡ್, ಅಂದರೆ ನಿಧಾನದ ಮೆದು ಹಾಡು, ಬಂತು ನೋಡಿ, ಪಿಯಾನೊದ ಒಂದೊಂದು ಸ್ವರವೂ ನಿಂತ ಕಡೆ ನಿಲ್ಲದೆ ಜೋಲಿ ಹೊಡೆಯತೊಡಗಿತು. ಬಗ್ಗಿ ನೋಡಿದರೆ ಸೂಜಿ ಹೊತ್ತ ಕೈ, ಅಂದರೆ ಟೋನ್‌ಆರ್ಮ್, ಎಡಕ್ಕೂ ಬಲಕ್ಕೂ ತೂಗುತ್ತಿದೆ. ನಿಮಿಷಕ್ಕೆ 33⅓ ಸುತ್ತು ಎಂದರೆ ಸುತ್ತಿಗೆ 1.8 ಸೆಕೆಂಡ್. ಶ್ರುತಿ ಏರಿ ಇಳಿಯುವುದೂ ಸರಿಯಾಗಿ ಅಷ್ಟೇ ಹೊತ್ತಿಗೊಮ್ಮೆ.

ಲೆಕ್ಕ ಸುಲಭ. ತೂತು ಅರ್ಧ ಮಿಲಿಮೀಟರ್ ಸರಿದಿದ್ದರೆ, ಹೊರ ಅಂಚಿನಲ್ಲಿ (ಕೇಂದ್ರದಿಂದ ಸುಮಾರು 146 ಮಿ.ಮೀ.) ವೇಗದ ಏರುಪೇರು ಶೇ. 0.3ರ ಆಸುಪಾಸು. ಅದು ಕಿವಿಗೆ ಅಷ್ಟಾಗಿ ಬೀಳುವುದಿಲ್ಲ. ಸೂಜಿ ಲೇಬಲ್ ಹತ್ತಿರ, 60 ಮಿ.ಮೀ.ವರೆಗೆ ಬರುವಷ್ಟರಲ್ಲಿ ಅದೇ ಅರ್ಧ ಮಿಲಿಮೀಟರ್ ಶೇ. 0.8 ದಾಟಿರುತ್ತದೆ. ಅಂದರೆ ಅರ್ಧಸ್ವರದ (ಪಿಯಾನೊದ ಅಕ್ಕಪಕ್ಕದ ಎರಡು ಮನೆಗಳ ಅಂತರದ) ಏಳನೇ ಒಂದು ಭಾಗ ಮೇಲಕ್ಕೆ, ಅಷ್ಟೇ ಕೆಳಕ್ಕೆ. ಸೂಜಿ ಓಡುವ ಗೀರುಗಳಲ್ಲಿ (ಗ್ರೂವ್), ಒಳಗಿನವುಗಳಲ್ಲಿ ಮೊದಲೇ ಜಾಗ ಇಕ್ಕಟ್ಟು, ಜೋರು ಸದ್ದು ಅಲ್ಲಿ ಒಡೆಯುತ್ತದೆ ಅಂತ ಎಷ್ಟೋ ಸಲ ಮೆದು ಹಾಡನ್ನೇ ತಂದು ಅಲ್ಲಿ ಕೂರಿಸಿರುತ್ತಾರೆ. ಶ್ರುತಿ ಅಲುಗಿದರೆ ಮೊದಲು ಗೊತ್ತಾಗುವುದೂ ಅಂಥ ಹಾಡಿನಲ್ಲೇ!

ಡ್ರಮ್ಸ್‌ಗೆ ಇದರಿಂದ ಏನೂ ಆಗುವುದಿಲ್ಲ. ಸ್ಯಾಕ್ಸೊಫೋನ್ ಊದುವವರ ಸ್ವರದಲ್ಲಿ ತಾನಾಗಿಯೇ ಒಂದು ಕಂಪನ ಇರುವುದರಿಂದ ಪ್ಲೇಟಿನ ದೋಷ ಅದರೊಳಗೆ ಅಡಗಿಬಿಡುತ್ತದೆ. ಪಿಯಾನೊಗೆ ಆ ಅನುಕೂಲ ಇಲ್ಲ. ಒಮ್ಮೆ ಒತ್ತಿದ ಸ್ವರವನ್ನು ವಾದಕ ಬಗ್ಗಿಸಲಾರ, ಹಾಗಾಗಿ ಅದು ಬಗ್ಗಿದ ಕೂಡಲೇ ಕಿವಿಗೆ ಕಳ್ಳ ಸಿಕ್ಕಿಬೀಳುತ್ತಾನೆ. ನಾನು ಕೇಳುವುದರಲ್ಲಿ ಮುಕ್ಕಾಲು ಪಾಲು ಪಿಯಾನೊ ಟ್ರಿಯೋಗಳೇ. ನಿಮ್ಮ ಒಲವು ಬೇರೆ ಇದ್ದರೆ ಈ ದೂರನ್ನು ಅರ್ಧಕ್ಕೆ ಇಳಿಸಿಕೊಂಡು ಓದಿ.

ಪ್ಲೇಟನ್ನು ವಾಪಸ್ ಕಳಿಸಿದೆ. ಬದಲಿ ಬಂತು, ಅದರಲ್ಲೂ ಅದೇ ಸೈಡು, ಅದೇ ತೂಗಾಟ. ಪ್ಲೇಟು ಒತ್ತುವ ಲೋಹದ ಅಚ್ಚಿಗೇ ನಡುವಿನ ತೂತು ಓರೆಯಾಗಿ ಬಿದ್ದಿದ್ದರೆ ಆ ಅಚ್ಚಿನಿಂದ ಹುಟ್ಟಿದ ಪ್ರತಿಗಳೆಲ್ಲ ಹಾಗೇ. ಎರಡು ಸೈಡಿಗೆ ಎರಡು ಅಚ್ಚು, ಹಾಗಾಗಿ ಇನ್ನೊಂದು ಸೈಡು ಮಾತ್ರ ಒಂದಿಷ್ಟೂ ಅಲುಗದೆ ನೆಟ್ಟಗಿತ್ತು. ಮಾರಿದವರ ಉತ್ತರ ‘ಇದು ಸಹಜ ಮಿತಿಯೊಳಗೇ ಇದೆ’ ಎಂದು. ಆ ಮಿತಿ ಎಷ್ಟು ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

1980ರ ದಶಕದ ಆರಂಭದಲ್ಲಿ ಜಪಾನಿನ ನಕಮಿಚಿ ಕಂಪನಿ ಟಿಎಕ್ಸ್-1000 ಎಂಬ ಟರ್ನ್‌ಟೇಬಲ್ (ಪ್ಲೇಟು ಸುತ್ತಿಸುವ ಯಂತ್ರ) ಮಾಡಿತ್ತು. ಪ್ಲೇಟಿನ ನಡು ಎಷ್ಟು ಸರಿದಿದೆ ಅಂತ ಅದೇ ಅಳೆದು ಅದೇ ಸರಿಸಿ ಕೂರಿಸುತ್ತಿತ್ತು. ಅದು ನನ್ನ ಕೈಗೆ ಎಟುಕುವ ಮಾತಲ್ಲ. ನನ್ನ ವಿಧಾನ ಬಡವರದ್ದು. ಬ್ಲೂ ನೋಟ್ ಎಂಬ ಅಮೆರಿಕದ ಜಾಝ್ ಕಂಪನಿಯ 1950ರ ದಶಕದ ಮೂಲ ಪ್ರತಿಗಳಲ್ಲಿ ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಗೀಚಿದ ‘ಆರ್‌ವಿಜಿ’ ಅಕ್ಷರಗಳನ್ನು ಸಂಗ್ರಾಹಕರು ದೀಪಕ್ಕೆ ಹಿಡಿದು ಹುಡುಕುತ್ತಾರೆ. ಅಂಥವನ್ನು ಕೊಳ್ಳುವ ಶಕ್ತಿ ಇಲ್ಲದ ನಾನು ಅದೇ ಖಾಲಿ ಜಾಗದ ಪಕ್ಕದಲ್ಲೇ ಸೂಜಿಯ ತೂಗಾಟ ನೋಡುತ್ತೇನೆ. ಪ್ಲೇಟಿನ ಅಂಚಷ್ಟೇ ಅಂಗೈಗೆ ತಾಗುವಂತೆ ಹಿಡಿದು ಇಡುವುದು, ಸುತ್ತುತ್ತಿರುವಾಗಲೇ ಕಾರ್ಬನ್ ಬ್ರಷ್ಷನ್ನು ಎರಡು ಸುತ್ತು ಹಗುರವಾಗಿ ತಾಗಿಸಿ, ಸೇರಿದ ಧೂಳನ್ನು ಮೆಲ್ಲಗೆ ಹೊರಕ್ಕೆ ಜಾರಿಸಿ ತೆಗೆಯುವುದು, ಸೂಜಿಯನ್ನು ಕೊನೆಯ ಹಾಡಿನ ಮೇಲೆ ಇಳಿಸಿ ಆರ್ಮ್ ನೋಡುವುದು. ತೂತಿಗೂ ಅದರೊಳಗೆ ಕೂರುವ ಕಡ್ಡಿಗೂ (ಸ್ಪಿಂಡಲ್) ನಡುವೆ ಕೂದಲೆಳೆಯಷ್ಟು ಸಡಿಲ ಇರುತ್ತದೆ. ಆರ್ಮ್ ಹೊರಕ್ಕೆ ಹೋದ ಕಡೆ ಲೇಬಲ್ ಮೇಲೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು, ಸೂಜಿ ಎತ್ತಿ, ಪ್ಲೇಟು ನಿಲ್ಲಿಸಿ, ಚುಕ್ಕೆಯ ಕಡೆಯಿಂದ ಬೆರಳಲ್ಲಿ ಒತ್ತುತ್ತೇನೆ. ಅಲುಗಾಟ ಪೂರ್ತಿ ಹೋಗುವುದಿಲ್ಲ, ಬ್ಯಾಲಡ್ ಕೇಳುವಷ್ಟಕ್ಕೆ ಇಳಿಯುತ್ತದೆ. ಈಗಂತೂ ಇದು ಚಟವಾಗಿಬಿಟ್ಟಿದೆ. ಸರಿ ಇರುವ ಪ್ಲೇಟಿಗೂ ಮಾಡುತ್ತೇನೆ.

ಇಷ್ಟೆಲ್ಲ ಸಿಡುಕಿದವನ ಕಪಾಟಿನಲ್ಲಿ ಅತಿ ಹೆಚ್ಚು ಸವೆದಿರುವ ಪ್ಲೇಟು ಶ್ರುತಿ ತಪ್ಪಿದ್ದೇ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’, 1970ರ ದಶಕದ ಪ್ರತಿ. 1959ರ ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ಅದರ ಮೊದಲ ಸೈಡಿನ ಮೂರೂ ಹಾಡುಗಳನ್ನು ಮುದ್ರಿಸಿಕೊಂಡ ಟೇಪ್ ಯಂತ್ರ ತುಸು ನಿಧಾನ ಓಡಿತ್ತು. ಸರಿಯಾದ ವೇಗದಲ್ಲಿ ನುಡಿಸಿದಾಗ ಸಂಗೀತ ಕೊಂಚ ಬೇಗ, ಕೊಂಚ ಏರುಶ್ರುತಿಯಲ್ಲಿ ಬಂತು. 1992ರ ಮರುಬಿಡುಗಡೆಯಲ್ಲಿ ತಿದ್ದುವವರೆಗೆ ಲೋಕವೆಲ್ಲ ಕೇಳಿದ್ದು ಅದನ್ನೇ. ತಿದ್ದಿದ ಪ್ರತಿಯೂ ನನ್ನ ಬಳಿ ಇದೆ. ಸರಿಯಾದದ್ದು ಅದೇ, ಒಪ್ಪುತ್ತೇನೆ. ಆದರೆ ಕೈ ಹೋಗುವುದು ಹಳೆಯದರ ಕಡೆಗೇ. ತಪ್ಪು ಶ್ರುತಿಯಾದರೂ ಒಂದೇ ಕಡೆ ನಿಂತಿರುತ್ತದೆ, ಎರಡನೇ ನಿಮಿಷಕ್ಕೆ ಕಿವಿ ಅಲ್ಲೇ ಮನೆ ಮಾಡುತ್ತದೆ. ಸೈಡು ತಿರುಗಿಸಿದಾಗ ಮಾತ್ರ, ಏಪ್ರಿಲ್ 22ರ ಮುದ್ರಣ ಶುರುವಾಗುತ್ತಲೇ, ಕೋಣೆಯ ಗಾಳಿ ಒಂದು ಗುಲಗಂಜಿ ಭಾರವಾದಂತೆ ಅನಿಸುತ್ತದೆ. ಈ ತಮಾಷೆ ಎರಡು ಸೈಡುಗಳ ನಡುವೆ ಎದ್ದು ಹೋಗಬೇಕಾದ ಎಲ್‌ಪಿಯಲ್ಲೇ ಚೆಂದ.

ಪಿಯಾನೊ ವಾದಕ ಬಿಲ್ ಎವಾನ್ಸ್‌ರ ‘ವಾಲ್ಟ್ಜ್ ಫಾರ್ ಡೆಬಿ’ ಮಟ್ಟಿಗೆ ನನ್ನ ಅದೃಷ್ಟ ಚೆನ್ನಾಗಿತ್ತು. ಮೊದಲ ಸೈಡು ಶುರುವಾಗುವ ನಿಧಾನದ ಹಾಡು ಹೊರ ಅಂಚಿನಲ್ಲೇ ಇದೆ, ನನ್ನ ಪ್ರತಿಯ ತೂತೂ ನೆಟ್ಟಗಿದೆ. 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನ ಮುದ್ರಣ. ಹನ್ನೊಂದನೇ ದಿನಕ್ಕೆ ಬಾಸ್ ವಾದಕ ಸ್ಕಾಟ್ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ಕೆಲವು ಸಲ ಪಿಯಾನೊ ಬಿಟ್ಟು ಅವರ ಹಿಂದೆ ಮಾತ್ರ ಹೋಗುತ್ತೇನೆ. ಹಿನ್ನೆಲೆಯಲ್ಲಿ ಗ್ಲಾಸುಗಳು ತಾಗುತ್ತವೆ, ಯಾರೋ ನಗುತ್ತಾರೆ. ಪ್ಲೇಟು ಹಳತಾದಂತೆ ಯಾವುದು ಗ್ಲಾಸಿನ ಸದ್ದು, ಯಾವುದು ಧೂಳಿನ ಚಟಪಟ ಎಂದು ಬೇರ್ಪಡಿಸಲು ಆಗುತ್ತಿಲ್ಲ. ಬೇರೆ ಯಾವ ಆಲ್ಬಮ್‌ನಲ್ಲೂ ಚಟಪಟ ನನಗೆ ಸಹ್ಯವಲ್ಲ.

ಕೊಳ್ಳುವವರು ಇಷ್ಟು ಮಾಡಿ: ಪ್ಲೇಟು ಬಂದ ದಿನವೇ ಎರಡೂ ಸೈಡಿನ ಕೊನೆಯ ಹಾಡು ಮೊದಲು ಹಾಕಿ, ಆರ್ಮ್ ತೂಗುವುದನ್ನು ಮೊಬೈಲಿನಲ್ಲಿ ವಿಡಿಯೊ ತೆಗೆದಿಟ್ಟುಕೊಳ್ಳಿ. ಮಾತಿಗಿಂತ ಅದಕ್ಕೆ ಬೇಗ ಉತ್ತರ ಬರುತ್ತದೆ. ಬದಲಿ ಪ್ರತಿ ಬೇಡ, ಹಣವನ್ನೇ ವಾಪಸ್ ಕೇಳಿ. ಐದರಲ್ಲಿ ಮೂರೂವರೆ ಸ್ಟಾರ್. ಉಳಿದ ಒಂದೂವರೆ ಆ ಅರ್ಧ ಮಿಲಿಮೀಟರಿಗೆ.